ಬ್ಯಾಟರಿ ಕಾರು, ಷೇರು ಮತ್ತು ಅಮಾನತು



ಕೆಲವು ತಿಂಗಳ ಹಿಂದೆ ಕೊಳ್ಳೇಗಾಲದ ಒಂದು ಮಸೀದಿಯಲ್ಲಿ ಇಶಾ ನಮಾಝ್ ಮುಗಿದ ಮೇಲೆ ಅಂಗಳದ ಕಟ್ಟೆಯ ಮೇಲೆ ಇಬ್ಬರ ನಡುವೆ ಮಾತಿಗೆ ಮಾತು ಬೆಳೆಯಿತು. ಒಬ್ಬರು ರೇಷ್ಮೆ ನೂಲು ತೆಗೆಸುವ ಹಿರಿಯರು. ಇನ್ನೊಬ್ಬ ಅವರ ಅಕ್ಕನ ಮಗ, ಹನೂರಿನವನು, ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ವಿಷಯ ಬ್ಯಾಟರಿ ಕಾರು.

"ಮಾಮು, ಇನ್ನು ಹತ್ತು ವರ್ಷ ಹೋದರೆ ಪೆಟ್ರೋಲ್ ಬಂಕು ಹುಡುಕಿದರೂ ಸಿಗುವುದಿಲ್ಲ. ಈ ಕಂಪೆನಿಗಳ ಷೇರು ಈಗಲೇ ತೆಗೆದಿಟ್ಟವನು ಜಾಣ" ಎಂದ ಹುಡುಗ.

"ಬೇಟಾ, ಮಾದಪ್ಪನ ಬೆಟ್ಟ ಹತ್ತುವಾಗ ನಿನ್ನ ಕಾರು ನಿಂತರೆ ಕರೆಂಟು ಎಲ್ಲಿಂದ ತರುತ್ತೀ? ಅದು ಮಕ್ಕಳ ಆಟಿಕೆ. ಷೇರು ಅನ್ನುವುದು ಜೂಜು. ಎರಡೂ ನಮಗೆ ಬೇಡ" ಎಂದರು ಮಾವ.

ಹುಡುಗ ಸುಮ್ಮನಾಗಲಿಲ್ಲ. "ನೀವು ಯಳಂದೂರು ರಸ್ತೆಯಲ್ಲಿ ಎರಡು ಸೈಟು ತೆಗೆದು ಆರು ವರ್ಷದಿಂದ ಖಾಲಿ ಬಿಟ್ಟಿದ್ದೀರಿ. ಅಲ್ಲಿ ಏನು ಬೆಳೆಯುತ್ತಿದ್ದೀರಿ? ಬೆಲೆ ಏರಲಿ ಎಂದು ತಾನೇ ಕಾಯುತ್ತಿರುವುದು? ನಿಮ್ಮದು ವ್ಯಾಪಾರ, ನಮ್ಮದು ಮಾತ್ರ ಜೂಜೇ?"

ಇಬ್ಬರೂ ನನ್ನ ಕಡೆ ತಿರುಗಿದರು. "ಹಜರತ್, ನೀವೇ ಹೇಳಿ." ನಾನು ಅಂದು ತೀರ್ಪು ಕೊಡಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದೆ. ಜನ ಚದುರಿದ ಮೇಲೆ ಹುಡುಗ ಒಬ್ಬನೇ ಉಳಿದುಕೊಂಡ. ಆಗ ಅವನ ಬಾಯಿಂದ ನಿಜ ಸಂಗತಿ ಹೊರಬಂತು. ಅವನ ತಾಯಿ ಹಲವು ವರ್ಷ ಬಟ್ಟೆ ಹೊಲಿದು ಹಜ್ಜಿಗೆಂದು ಕೂಡಿಟ್ಟ ಎರಡು ಲಕ್ಷ ರೂಪಾಯಿಯನ್ನು ಮಗನ ಕೈಗೆ ಕೊಟ್ಟು ಜೋಪಾನ ಮಾಡು ಎಂದಿದ್ದರು. ಅವನು ಅದನ್ನು ವಿದ್ಯುತ್ ವಾಹನ ತಯಾರಿಸುವ ಒಂದು ಕಂಪೆನಿಯ ಷೇರಿಗೆ ಹಾಕಿದ್ದ. ಈಗ ಅದರ ಬೆಲೆ ಒಂದು ಲಕ್ಷಕ್ಕೆ ಬಂದು ನಿಂತಿತ್ತು. ತಾಯಿಗೆ ಈ ವಿಷಯ ತಿಳಿದಿರಲಿಲ್ಲ. "ನಾನು ಸಾರಾಯಿ ಕಂಪೆನಿಗೆ ಹಾಕಲಿಲ್ಲ, ಬಡ್ಡಿಗೆ ಕೊಡಲಿಲ್ಲ. ಹೊಗೆ ಉಗುಳದ ಗಾಡಿ ಮಾಡುವವರಿಗೆ ಹಾಕಿದೆ. ನನ್ನ ತಪ್ಪೇನು ಹಜರತ್?" ಎಂದು ಕೇಳಿದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಈ ಲೇಖನ ಬರೆಯುತ್ತಿದ್ದೇನೆ. ಇಂದು ನಮ್ಮ ಮನೆಮನೆಯಲ್ಲೂ ಮೊಬೈಲಿನಲ್ಲಿ ಷೇರು ಕೊಳ್ಳುವ ಮಕ್ಕಳಿದ್ದಾರೆ. ಅವರನ್ನು ಗದರಿಸುವ ಹಿರಿಯರೂ ಇದ್ದಾರೆ. ಹಾಗಾಗಿ ಈ ಪ್ರಶ್ನೆ ಆ ಒಬ್ಬ ಹುಡುಗನದಷ್ಟೇ ಅಲ್ಲ.

ಒಂದು ವಾದ, ಮೂರು ಪ್ರಶ್ನೆ

ಮಾವ-ಅಳಿಯನ ವಾದದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿದ್ದವು. ಬ್ಯಾಟರಿ ಕಾರು ಒಳ್ಳೆಯ ವಾಹನವೇ ಎಂಬುದು ಒಂದು. ಅದನ್ನು ತಯಾರಿಸುವ ಕಂಪೆನಿಯಲ್ಲಿ ಹಣ ತೊಡಗಿಸುವುದು ಸರಿಯೇ ಎಂಬುದು ಇನ್ನೊಂದು. ಅಳಿಯನಿಗೆ ವಾಹನದ ಮೇಲೆ ನಂಬಿಕೆ, ಆದ್ದರಿಂದ ಷೇರಿನ ಮೇಲೂ ನಂಬಿಕೆ. ಮಾವನಿಗೆ ಷೇರಿನ ಮೇಲೆ ಸಂಶಯ, ಆದ್ದರಿಂದ ವಾಹನದ ಮೇಲೂ ಸಂಶಯ. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಿದ್ದೇ ಇಬ್ಬರ ತಪ್ಪು. ಇನ್ನು, ತೊಡಗಿಸುತ್ತಿರುವ ಹಣ ಯಾರದು ಎಂಬ ಮೂರನೆಯ ಪ್ರಶ್ನೆಯನ್ನು ಇಬ್ಬರೂ ಎತ್ತಲೇ ಇಲ್ಲ. ನಾವು ಈ ಮೂರನ್ನೂ ಬೇರೆ ಬೇರೆಯಾಗಿ ನೋಡೋಣ.

ವಾಹನದ ಪ್ರಶ್ನೆ

ಕುದುರೆ, ಹೇಸರಗತ್ತೆ ಮತ್ತು ಕತ್ತೆಗಳನ್ನು ಅಲ್ಲಾಹನು ಮನುಷ್ಯನ ಸವಾರಿಗಾಗಿ ಸೃಷ್ಟಿಸಿದ್ದನ್ನು ನೆನಪಿಸುವ ಅನ್ನಹ್ಲ್ ಅಧ್ಯಾಯದ 8ನೇ ಸೂಕ್ತವು, ನಮಗೆ ತಿಳಿಯದ ಇನ್ನೂ ಎಷ್ಟನ್ನೋ ಅವನು ಸೃಷ್ಟಿಸುತ್ತಾನೆ ಎಂಬ ಅರ್ಥದ ಮಾತಿನೊಂದಿಗೆ ಮುಗಿಯುತ್ತದೆ. ರೈಲು, ವಿಮಾನ, ಮೋಟಾರುಗಳನ್ನು ಕಂಡಾಗಲೆಲ್ಲ ವಿದ್ವಾಂಸರು ಈ ಸೂಕ್ತವನ್ನು ನೆನೆದಿದ್ದಾರೆ. ಆದ್ದರಿಂದ ಹೊಸ ವಾಹನ ಎಂಬ ಒಂದೇ ಕಾರಣಕ್ಕೆ ಅದನ್ನು ಆಟಿಕೆ ಎನ್ನುವುದು ವಿಶ್ವಾಸಿಯ ಲಕ್ಷಣವಲ್ಲ.

ಹಾಗೆಂದು ಅದು ಒಳ್ಳೆಯದೇ ಎಂದು ಮಸೀದಿಯ ಕಟ್ಟೆಯ ಮೇಲೆ ಕುಳಿತು ತೀರ್ಮಾನಿಸಲೂ ಆಗದು. ಮದೀನದಲ್ಲಿ ಖರ್ಜೂರದ ಮರಗಳಿಗೆ ಕೈಯಿಂದ ಪರಾಗ ಸೇರಿಸುತ್ತಿದ್ದುದನ್ನು ಕಂಡು ಪ್ರವಾದಿವರ್ಯರು(ಸ) ಅದರಿಂದ ಪ್ರಯೋಜನವಾಗಲಾರದು ಎಂಬ ಅಭಿಪ್ರಾಯ ಹೇಳಿದರು. ಜನರು ಬಿಟ್ಟುಬಿಟ್ಟರು. ಫಸಲು ಕುಗ್ಗಿತು. ಆಗ ಪ್ರವಾದಿವರ್ಯರು(ಸ), ನಿಮ್ಮ ಲೌಕಿಕ ವ್ಯವಹಾರಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂಬ ಅರ್ಥದಲ್ಲಿ ಮಾತನಾಡಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಯಂತ್ರದ ಗುಣದೋಷವನ್ನು ಯಂತ್ರ ಬಲ್ಲವರಿಂದ, ಲೆಕ್ಕದಿಂದ, ಅನುಭವದಿಂದ ತಿಳಿಯಬೇಕು ಎಂಬ ಪಾಠ ಇದರಲ್ಲಿದೆ.

ಲೆಕ್ಕ ಹಾಕಿ ನೋಡೋಣ. 30 ಯೂನಿಟ್ ಹಿಡಿಯುವ ಬ್ಯಾಟರಿಯ ಒಂದು ಸಾಧಾರಣ ಕಾರು ನಮ್ಮ ರಸ್ತೆಯಲ್ಲಿ ಸುಮಾರು 200 ಕಿ.ಮೀ. ಓಡುತ್ತದೆ ಎಂದುಕೊಳ್ಳಿ. ಮನೆಯಲ್ಲಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದರೆ ಖರ್ಚು 210 ರೂಪಾಯಿ. ಅದೇ ದೂರಕ್ಕೆ ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ, ಲೀಟರಿಗೆ 100 ರೂಪಾಯಿಯಂತೆ, 1,300 ರೂಪಾಯಿ ದಾಟುತ್ತದೆ. ಕೊಳ್ಳೇಗಾಲದಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ. ಒಂದು ಚಾರ್ಜಿನಲ್ಲಿ ತಲುಪಬಹುದು. ರಸ್ತೆಬದಿಯ ವೇಗದ ಚಾರ್ಜರ್‌ನಲ್ಲಿ ಯೂನಿಟ್ ಬೆಲೆ ಮನೆಗಿಂತ ಬಹಳ ಹೆಚ್ಚು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾದಪ್ಪನ ಬೆಟ್ಟ ಹತ್ತುವಾಗ ಬ್ಯಾಟರಿ ಬೇಗ ಖಾಲಿಯಾಗುವುದು ನಿಜ. ಆದರೆ ಇಳಿಯುವಾಗ ಅದೇ ಮೋಟಾರು ಡೈನಮೋದಂತೆ ತಿರುಗಿ ಒಂದಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಪೆಟ್ರೋಲ್ ಕಾರು ಬೆಟ್ಟ ಇಳಿದರೆ ಟ್ಯಾಂಕಿಗೆ ಒಂದು ಹನಿಯೂ ಮರಳದು. ಆಟಿಕೆ ಎಂಬ ಮಾವನ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ಮುಖವೂ ಇದೆ. ಕಾರಿನ ಬೆಲೆ ಹೆಚ್ಚು. ಹಲವು ಕಂಪೆನಿಗಳು ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ, ಅದು ಮುಗಿದ ಬಳಿಕ ಹೊಸ ಬ್ಯಾಟರಿ ಹಾಕಿಸಬೇಕಾದರೆ ದೊಡ್ಡ ಮೊತ್ತ ಬೇಕು. ದಿನವೂ ಬಹಳ ಓಡಿಸುವವನಿಗೆ ಲಾಭ. ಜುಮಾಕ್ಕೂ ಮದುವೆಗೂ ಮಾತ್ರ ಹೊರಗೆ ತೆಗೆಯುವವನಿಗೆ ಹಾಕಿದ ಹಣ ಮರಳುವುದು ಕಷ್ಟ. ಹೊಗೆ ಉಗುಳುವುದಿಲ್ಲ ಎಂಬ ಮಾತೂ ಅರ್ಧ ಸತ್ಯ. 2023-24ರಲ್ಲಿ ನಮ್ಮ ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬಂತು. ಹೊಗೆ ನಮ್ಮ ಬೀದಿಯಲ್ಲಿ ಏಳದಿದ್ದರೆ ಎಲ್ಲೋ ದೂರದ ಊರಿನ ಚಿಮಣಿಯಲ್ಲಿ ಏಳುತ್ತದೆ. ಪೆಟ್ರೋಲ್ ಎಂಜಿನ್ ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿ ಕಳೆದುಕೊಂಡರೆ ವಿದ್ಯುತ್ ಮೋಟಾರು ಅದರ ಬಹುಪಾಲನ್ನು ಓಟಕ್ಕೆ ಬಳಸುತ್ತದೆ. ಆದ್ದರಿಂದ ಒಟ್ಟು ಲೆಕ್ಕದಲ್ಲಿ ವಿದ್ಯುತ್ ವಾಹನವೇ ಮೇಲು. ಆದರೆ ಅದು ನಿಷ್ಕಳಂಕವಲ್ಲ. ಕೆಲವು ಬಗೆಯ ಬ್ಯಾಟರಿಗಳಿಗೆ ಕೋಬಾಲ್ಟ್ ಬೇಕು. ಜಗತ್ತಿನ ಕೋಬಾಲ್ಟ್‌ನ ಅರ್ಧಕ್ಕಿಂತ ಹೆಚ್ಚು ಕಾಂಗೋ ದೇಶದಿಂದ ಬರುತ್ತದೆ. ಅಲ್ಲಿ ಕೈಯಿಂದ ಅಗೆಯುವ ಗಣಿಗಳಲ್ಲಿ ಮಕ್ಕಳು ದುಡಿಯುವುದು ಹಲವು ವರ್ಷಗಳಿಂದ ಜಗತ್ತಿಗೆ ತಿಳಿದಿದೆ. ಕೋಬಾಲ್ಟ್ ಬೇಡದ, ಕಬ್ಬಿಣ-ಫಾಸ್ಫೇಟ್ ಬಳಸುವ ಬ್ಯಾಟರಿಯೂ ಬಂದಿದೆ. ನಮ್ಮ ದೇಶದ ಹಲವು ಕಾರುಗಳಲ್ಲಿ ಅದೇ ಇದೆ. ಕೊಳ್ಳುವ ಮುಂಚೆ ಇದರಲ್ಲಿ ಯಾವುದಿದೆ ಎಂದು ಕೇಳುವುದು ಮುಸ್ಲಿಮ್ ಗ್ರಾಹಕನ ಕರ್ತವ್ಯ. ಅಂಗಡಿಯಲ್ಲಿ ಮಾಂಸ ಕೊಳ್ಳುವಾಗ ಹೇಗೆ ಕೊಯ್ದದ್ದು ಎಂದು ಕೇಳುವ ನಾವು, ಕಾರು ಕೊಳ್ಳುವಾಗ ಯಾರ ಮಗುವಿನ ಬೆವರು ಇದರಲ್ಲಿದೆ ಎಂದು ಏಕೆ ಕೇಳಬಾರದು?

ವಿದ್ಯುತ್ತಿನ ಕಥೆ ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಪಕ್ಕದ ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ತು ತಯಾರಾಗಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಗಣಿಯ ಲಾಭಾಂಶ ಇಂಗ್ಲೆಂಡಿನ ಷೇರುದಾರರಿಗೆ ಸೇರಿತು. ಜಲಪಾತದ ಸುತ್ತಿನ ಹಳ್ಳಿಗಳು ಬುಡ್ಡಿದೀಪದಲ್ಲಿಯೇ ದಶಕಗಳನ್ನು ಕಳೆದವು. ಇದರಲ್ಲಿ ವಿದ್ಯುತ್ತಿನ ಅಪರಾಧವೇನೂ ಇರಲಿಲ್ಲ. ಯಂತ್ರ ಒಂದು ಸಾಧನ. ಅದರ ಲಾಭ ಯಾರಿಗೆ, ಭಾರ ಯಾರಿಗೆ ಎಂಬುದನ್ನು ತೀರ್ಮಾನಿಸುವವನು ಮನುಷ್ಯ. ನಾಳೆ ಅಲ್ಲಾಹನ ಮುಂದೆ ಉತ್ತರಿಸಬೇಕಾದವನೂ ಅವನೇ.

ಷೇರಿನ ಪ್ರಶ್ನೆ

ಒಳ್ಳೆಯ ವಾಹನ ಮಾಡುವ ಕಂಪೆನಿಯ ಷೇರು ಒಳ್ಳೆಯ ಲಾಭ ತರುತ್ತದೆ ಎಂದು ನಮ್ಮ ಹುಡುಗ ನಂಬಿದ್ದ. ಅನುಭವ ಬೇರೆಯೇ ಹೇಳುತ್ತದೆ.

ಭಾರತದಲ್ಲಿ ವಿದ್ಯುತ್ ಕಾರಿನ ದಾರಿ ತೆರೆದದ್ದು ನಮ್ಮ ಬೆಂಗಳೂರು. 1994ರಲ್ಲಿ ಸ್ಥಾಪನೆಯಾದ ರೇವಾ ಕಂಪೆನಿ 2001ರಲ್ಲಿ ತನ್ನ ಪುಟ್ಟ ಕಾರನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಲಂಡನ್ನಿನ ಬೀದಿಗಳಲ್ಲಿಯೂ ಜಿ-ವಿಜ್ ಎಂಬ ಹೆಸರಿನಲ್ಲಿ ಓಡಿತು. ವಿಚಾರ ಸರಿಯಿತ್ತು, ಕಾಲಕ್ಕಿಂತ ಮುಂದಿತ್ತು. ಆದರೂ ಹತ್ತು ವರ್ಷಗಳಲ್ಲಿ ಕೆಲವೇ ಸಾವಿರ ಕಾರುಗಳು ಮಾರಾಟವಾದವು. 2010ರಲ್ಲಿ ಮಹೀಂದ್ರ ಸಂಸ್ಥೆ ಅದರ ಬಹುಪಾಲನ್ನು ಕೊಂಡುಕೊಂಡಿತು. ಮುಂದೆ ದೇಶದಲ್ಲಿ ವಿದ್ಯುತ್ ಕಾರುಗಳು ಹೆಚ್ಚಾದವು. ಆದರೆ ರೇವಾ ಎಂಬ ಕಾರು ಉಳಿಯಲಿಲ್ಲ. ದಾರಿ ತೋರಿಸಿದವನೇ ಊರು ಸೇರುತ್ತಾನೆ ಎಂಬ ನಿಯಮವೇನೂ ಇಲ್ಲ. ಅಮೆರಿಕದಲ್ಲಿ ವಿದ್ಯುತ್ ಕಾರು ಮಾಡುತ್ತಿದ್ದ ಫಿಸ್ಕರ್ ಕಂಪೆನಿ 2024ರ ಜೂನ್‌ನಲ್ಲಿ ದಿವಾಳಿ ಅರ್ಜಿ ಹಾಕಿತು.

ಕಾರು ಬಿಟ್ಟು ಸ್ಕೂಟರಿನ ಉದಾಹರಣೆ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರಿನ ಎರಡು ಕಂಪೆನಿಗಳು ಷೇರುಪೇಟೆಗೆ ಬಂದವು. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್‌ನಲ್ಲಿ 76 ರೂಪಾಯಿಗೆ ಷೇರು ನೀಡಿತು. ಕೆಲವೇ ದಿನಗಳಲ್ಲಿ ಅದರ ಬೆಲೆ 150 ದಾಟಿತು. 2025ರ ಮಾರ್ಚ್ ವೇಳೆಗೆ 60ಕ್ಕಿಂತ ಕೆಳಗಿತ್ತು. ಏಥರ್ ಎನರ್ಜಿ 2025ರಲ್ಲಿ 321 ರೂಪಾಯಿಗೆ ಷೇರು ನೀಡಿತು. ಮೇ 6ರಂದು ಪೇಟೆಗೆ ಬಂದ ಮೊದಲ ದಿನವೇ ನೀಡಿಕೆಯ ಬೆಲೆಗಿಂತ ಕೆಳಗೆ ಮುಗಿಯಿತು. ಅದೇ ವರ್ಷದ ಅಕ್ಟೋಬರ್ ವೇಳೆಗೆ 600 ದಾಟಿತ್ತು. ಒಂದೇ ಊರು, ಒಂದೇ ಬಗೆಯ ವಾಹನ, ಒಂದೇ ಸರಕಾರದ ಕಾನೂನು. ಆದರೂ ಒಂದು ಕುಸಿಯಿತು, ಇನ್ನೊಂದು ಏರಿತು. ಆಗಸ್ಟ್‌ನ ಆ ಎರಡು ವಾರಗಳಲ್ಲಿ ಸ್ಕೂಟರಿನ ಗುಣ ಎರಡು ಪಟ್ಟಾಗಿರಲಿಲ್ಲ. ಏರಿದ್ದು ಜನರ ಆಸೆ. ಈ ಮಾತನ್ನು ಯಾವ ಷೇರನ್ನಾದರೂ ಕೊಳ್ಳಿರಿ ಅಥವಾ ಬಿಡಿರಿ ಎಂಬ ಸಲಹೆಯಾಗಿ ತೆಗೆದುಕೊಳ್ಳಬೇಡಿರಿ. ವಾಹನದ ಗುಣ ಬೇರೆ, ಷೇರಿನ ಬೆಲೆ ಬೇರೆ ಎಂಬುದಷ್ಟೇ ನನ್ನ ಅಭಿಪ್ರಾಯ.

ಹಾಗಾದರೆ ಮಾವ ಹೇಳಿದಂತೆ ಷೇರು ಎಂದರೆ ಜೂಜೇ? ಅದೂ ಪೂರ್ತಿ ಸರಿಯಲ್ಲ. ಷೇರು ಎಂದರೆ ಪಾಲು. ಪಾಲುದಾರಿಕೆಯ ವ್ಯಾಪಾರವನ್ನು ಇಸ್ಲಾಮ್ ಅಂಗೀಕರಿಸಿದೆ. 1992ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಧರ್ಮಸಮ್ಮತ ವ್ಯವಹಾರದ ಕಂಪೆನಿಗಳ ಷೇರು ಹೊಂದುವುದು ಅನುಮತಿಸಲ್ಪಟ್ಟದ್ದೆಂದೂ, ಬಡ್ಡಿಯ ವ್ಯವಹಾರವೂ ಬೆರೆತ ಕಂಪೆನಿಗಳಿಂದ ದೂರವಿರುವುದೇ ಮೂಲ ನಿಯಮವೆಂದೂ ತೀರ್ಮಾನಿಸಿತು. ಇಂದು ಬಡ್ಡಿಯ ಸಾಲವಿಲ್ಲದ ದೊಡ್ಡ ಕಂಪೆನಿ ಸಿಗುವುದು ದುರ್ಲಭ. ಆದ್ದರಿಂದ ಬಹ್ರೈನ್‌ನ ಆಯೋಫಿ ಎಂಬ ಸಂಸ್ಥೆಯ ವಿದ್ವಾಂಸರು ಷರತ್ತಿನೊಂದಿಗೆ ಸ್ವಲ್ಪ ಅವಕಾಶ ಕೊಟ್ಟಿದ್ದಾರೆ. ಕಂಪೆನಿಯ ಮೂಲ ಉದ್ಯೋಗ ಹಲಾಲ್ ಆಗಿರಬೇಕು. ಬಡ್ಡಿಯ ಸಾಲವು ಅದರ ಒಟ್ಟು ಷೇರುಗಳ ಪೇಟೆ ಬೆಲೆಯ ನೂರಕ್ಕೆ 30ನ್ನು ಮೀರಬಾರದು. ನಿಷಿದ್ಧ ಆದಾಯ ನೂರಕ್ಕೆ 5ನ್ನು ಮೀರಬಾರದು. ಆ ನಿಷಿದ್ಧ ಪಾಲನ್ನು ಲೆಕ್ಕ ಹಾಕಿ ತನ್ನ ಕೈಯಿಂದ ಹೊರಹಾಕಬೇಕು. ಕಾರ್ಖಾನೆ ಕಟ್ಟಲು ಭಾರೀ ಸಾಲ ಮಾಡುವ ವಾಹನ ಕಂಪೆನಿಗಳ ವಿಷಯದಲ್ಲಿ ಇದನ್ನು ವರ್ಷವರ್ಷವೂ ನೋಡಬೇಕಾಗುತ್ತದೆ. ಕಾರಿನಿಂದ ಹೊಗೆ ಬರುವುದಿಲ್ಲ ಎಂದ ಮಾತ್ರಕ್ಕೆ ಲೆಕ್ಕಪತ್ರದಲ್ಲಿ ಬಡ್ಡಿ ಇಲ್ಲ ಎಂದಾಗುವುದಿಲ್ಲ.

ಗೂಡಿನ ಮಾರುಕಟ್ಟೆಯಿಂದ ಒಂದು ಪಾಠ

ಪಾಲುದಾರನಿಗೂ ಜೂಜುಕೋರನಿಗೂ ಇರುವ ವ್ಯತ್ಯಾಸವನ್ನು ನಮ್ಮ ಊರಿನವರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ನೋಡಿರಿ. ಅನುಭವಿ ರೀಲರ್ ಒಂದು ಲಾಟಿನ ಮುಂದೆ ನಿಂತು ನಾಲ್ಕು ಗೂಡು ಕೈಗೆತ್ತಿಕೊಳ್ಳುತ್ತಾನೆ. ಒತ್ತಿ ನೋಡುತ್ತಾನೆ, ಕಿವಿಯ ಬಳಿ ಅಲುಗಾಡಿಸುತ್ತಾನೆ, ಕಲೆಯಾದ ಗೂಡು ಎಷ್ಟಿದೆ ಎಂದು ಎಣಿಸುತ್ತಾನೆ. ಇದರಿಂದ ಎಷ್ಟು ನೂಲು ಬಂದೀತು ಎಂದು ಅಂದಾಜು ಮಾಡಿ ಬೆಲೆ ಕೂಗುತ್ತಾನೆ. ನಷ್ಟವೂ ಆಗಬಹುದು. ಆದರೆ ತಾನು ಏನು ಕೊಂಡೆ ಎಂಬುದು ಅವನಿಗೆ ಗೊತ್ತು. ಇದು ವ್ಯಾಪಾರ. ವ್ಯಾಪಾರದಲ್ಲಿ ನಷ್ಟದ ಭಯ ಇರುವುದು ದೋಷವಲ್ಲ.

ಅದೇ ಮಾರುಕಟ್ಟೆಗೆ ಒಬ್ಬ ಬಂದು ಗೂಡಿನ ಕಡೆ ಕಣ್ಣೆತ್ತಿಯೂ ನೋಡದೆ, ಕೊಳ್ಳುವ ಉದ್ದೇಶವೂ ಇಲ್ಲದೆ, ಬೆಲೆ ಏರಿಸಲೆಂದೇ ಕೂಗುತ್ತಾನೆ ಎಂದುಕೊಳ್ಳಿ. ಇದನ್ನು ಅರಬಿಯಲ್ಲಿ ನಜಶ್ ಎನ್ನುತ್ತಾರೆ. ಪ್ರವಾದಿವರ್ಯರು(ಸ) ಇದನ್ನು ನಿಷೇಧಿಸಿದ್ದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ಇಂದು ಮೊಬೈಲಿನಲ್ಲಿ ಬರುವ "ಈ ಷೇರು ನಾಳೆ ಎರಡು ಪಟ್ಟು" ಎಂಬ ಸಂದೇಶಗಳನ್ನು ನೆನಪಿಸಿಕೊಳ್ಳಿರಿ. ಅವುಗಳಲ್ಲಿ ಎಷ್ಟೋ ಹೊಸ ರೂಪದ ನಜಶ್‌ಗಳೇ. ತಾನು ಕೊಂಡದ್ದನ್ನು ಇನ್ನೊಬ್ಬನ ತಲೆಗೆ ಕಟ್ಟಲು ಹಬ್ಬಿಸಿದ ಮಾತುಗಳು. ಅದನ್ನು ವಿಚಾರಿಸದೆ ಮುಂದಕ್ಕೆ ಕಳುಹಿಸುವವನೂ ಆ ಪಾಪದಲ್ಲಿ ಪಾಲುದಾರ. ಸುದ್ದಿ ಬಂದಾಗ ಪರಿಶೀಲಿಸಿರಿ ಎಂಬ ಅಲ್ ಹುಜುರಾತ್ ಅಧ್ಯಾಯದ ಆಜ್ಞೆ ಪೇಟೆಯ ಸುದ್ದಿಗೂ ಅನ್ವಯಿಸುತ್ತದೆ. ನಮ್ಮ ನೆರೆಯ ಮಂಡ್ಯ ಜಿಲ್ಲೆಯಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ 14,100 ಟನ್ ಇದೆ ಎಂದು 2020ರಲ್ಲಿ ಪತ್ರಿಕೆಗಳಲ್ಲಿ ಬಂತು. 2021ರಲ್ಲಿ ಕೇಂದ್ರದ ಅಣು ಖನಿಜ ನಿರ್ದೇಶನಾಲಯದ ಅಂದಾಜು ಬಂದಾಗ ಅದು 1,600 ಟನ್ ಆಗಿತ್ತು. ಮೊದಲ ಸುದ್ದಿಯನ್ನು ನಂಬಿ ಹಣ ಸುರಿದವನ ಗತಿಯನ್ನು ನೀವೇ ಊಹಿಸಿರಿ.

ಇನ್ನು ಬೆಳಿಗ್ಗೆ ಕೊಂಡು ಸಂಜೆಯೊಳಗೆ ಮಾರುವುದು. ಕೊಂಡ ಧಾನ್ಯ ಕೈಗೆ ಬರುವ ಮುಂಚೆ ಮಾರಬಾರದು ಎಂದು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಷೇರು ನಮ್ಮ ಖಾತೆಗೆ ಬಂದು ಸೇರುವ ಮೊದಲೇ ಅದನ್ನು ಮಾರುವ ದಿನದ ವ್ಯವಹಾರವನ್ನು ಹೆಚ್ಚಿನ ವಿದ್ವಾಂಸರು ಇದೇ ಕಾರಣಕ್ಕೆ ಒಪ್ಪುವುದಿಲ್ಲ. ಫ್ಯೂಚರ್ಸ್, ಆಪ್ಷನ್ಸ್ ಎಂಬ ವ್ಯವಹಾರವಂತೂ ಇನ್ನೂ ಮುಂದೆ ಹೋಗಿದೆ. ಅಲ್ಲಿ ಪಾಲೂ ಇಲ್ಲ, ಪಾಲುದಾರನೂ ಇಲ್ಲ. ಬೆಲೆ ಏರುವುದೋ ಇಳಿಯುವುದೋ ಎಂಬ ಪಂಥ ಮಾತ್ರ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಈ ವ್ಯವಹಾರಕ್ಕೆ ಇಳಿದ ಒಂದು ಕೋಟಿಗೂ ಮಿಕ್ಕ ವ್ಯಕ್ತಿಗಳಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತು. ಜೂಜಿನಲ್ಲಿ ಪ್ರಯೋಜನಕ್ಕಿಂತ ಪಾಪ ದೊಡ್ಡದು ಎಂಬ ಕುರ್‌ಆನಿನ ಎಚ್ಚರಿಕೆಗೆ ಇಲ್ಲಿ ಅಂಕಿ-ಅಂಶದ ಸಾಕ್ಷ್ಯವೇ ಸಿಗುತ್ತದೆ.

ಮಾವನ ಸೈಟಿನ ವಿಷಯವನ್ನೂ ನಾನು ಬಿಡುವಂತಿಲ್ಲ. ಹುಡುಗನ ಪ್ರಶ್ನೆ ನ್ಯಾಯವಾದದ್ದು. ಮಾರುವ ಉದ್ದೇಶದಿಂದ ಕೊಂಡ ನಿವೇಶನ ವ್ಯಾಪಾರದ ಸರಕು. ವರ್ಷಕ್ಕೊಮ್ಮೆ ಅದರ ಪೇಟೆ ಬೆಲೆಯ ಮೇಲೆ ನೂರಕ್ಕೆ ಎರಡೂವರೆ ಝಕಾತ್ ಕೊಡಬೇಕು. ಮಾರುವ ಉದ್ದೇಶದ ಷೇರಿಗೂ ಇದೇ ನಿಯಮ. ಮಾವ ಆ ಝಕಾತ್ ಕೊಟ್ಟಿದ್ದರೆ ಅವರದು ಧರ್ಮಸಮ್ಮತ ವ್ಯಾಪಾರ. ಆದರೂ ಒಂದು ಮಾತು. ಬಡ ಕುಟುಂಬ ಮನೆ ಕಟ್ಟಬೇಕಾದ ಜಾಗವನ್ನು ಬೆಲೆ ಏರಲೆಂದು ವರ್ಷಗಟ್ಟಲೆ ಹುಲ್ಲು ಬೆಳೆಸಿ ಬಿಡುವವರು ಷೇರು ಕೊಂಡ ಹುಡುಗನನ್ನು ಜೂಜುಕೋರ ಎಂದು ಕರೆಯುವ ಮುಂಚೆ ತಮ್ಮನ್ನು ತಾವು ಪ್ರಶ್ನಿಸಿಕೊಳ್ಳಬೇಕು. ಅನುಮತಿ ಇರುವುದೆಲ್ಲ ಉತ್ತಮವೇ ಆಗಿರುವುದಿಲ್ಲ.

ಹಲಾಲ್ ಎಂಬ ಹಣೆಪಟ್ಟಿ, ಹಸಿರು ಎಂಬ ಹಣೆಪಟ್ಟಿ

ನಮ್ಮ ಸಮುದಾಯಕ್ಕೆ ಒಂದು ಗಾಯ ಆಗಿದೆ. ಬೆಂಗಳೂರಿನ ಐಎಂಎ ಸಂಸ್ಥೆ ಹಲಾಲ್ ಹೂಡಿಕೆ ಎಂಬ ಹೆಸರಿನಲ್ಲಿ ಸಾವಿರಾರು ಕುಟುಂಬಗಳ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಕುಸಿದುಬಿತ್ತು. ವಿಧವೆಯರ ಹಣ, ನಿವೃತ್ತರ ಹಣ, ಮದುವೆಗಿಟ್ಟ ಹಣ ಅದರಲ್ಲಿತ್ತು. ಅಂದು ಜನ ಹಲಾಲ್ ಎಂಬ ಪದವನ್ನು ನೋಡಿದರು. ತಿಂಗಳು ತಿಂಗಳು ಇಷ್ಟೊಂದು ಲಾಭ ಯಾವ ವ್ಯಾಪಾರದಿಂದ ಬರುತ್ತಿದೆ ಎಂದು ಕೇಳಲಿಲ್ಲ.

ಇಂದು ಹಸಿರು, ಪರಿಸರಸ್ನೇಹಿ ಎಂಬ ಪದಗಳು ಅದೇ ಜಾಗದಲ್ಲಿ ಬಂದು ಕೂತಿವೆ. ಜೆನ್‌ಸಾಲ್ ಎಂಬ ಕಂಪೆನಿಯ ಕುರಿತು 2025ರ ಏಪ್ರಿಲ್‌ನಲ್ಲಿ ಸೆಬಿ ನೀಡಿದ ಮಧ್ಯಂತರ ಆದೇಶವನ್ನು ನೋಡಿರಿ. 6,400 ವಿದ್ಯುತ್ ಕಾರು ಕೊಳ್ಳಲೆಂದು ಸರಕಾರಿ ಹಣಕಾಸು ಸಂಸ್ಥೆಗಳಿಂದ ಸಾಲ ಪಡೆದ ಕಂಪೆನಿ ಕೊಂಡದ್ದು 4,704 ಕಾರು. ಉಳಿದ ಹಣದಲ್ಲಿ ಒಂದು ಪಾಲು ಪ್ರವರ್ತಕರ ಸ್ವಂತ ಐಷಾರಾಮಕ್ಕೆ ಹರಿದಿದೆ ಎಂದು ಆ ಆದೇಶ ಹೇಳಿತು. ಅದರ ಕಾರುಗಳನ್ನು ಓಡಿಸುತ್ತಿದ್ದ ಬ್ಲೂಸ್ಮಾರ್ಟ್ ಟ್ಯಾಕ್ಸಿ ಸೇವೆ ಬೆಂಗಳೂರಿನಲ್ಲಿಯೂ ನಿಂತುಹೋಯಿತು. ಚಾಲಕರು ಕೆಲಸ ಕಳೆದುಕೊಂಡರು. ಕಾರಿನಲ್ಲಿ ದೋಷವಿರಲಿಲ್ಲ, ಬ್ಯಾಟರಿಯಲ್ಲಿ ದೋಷವಿರಲಿಲ್ಲ. ಕೆಟ್ಟದ್ದು ಅಮಾನತು.

ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆಯನ್ನು ಪತ್ತೆಹಚ್ಚಿದ ಪ್ರವಾದಿವರ್ಯರು(ಸ), ವಂಚಿಸುವವನಿಗೂ ತಮಗೂ ಸಂಬಂಧವಿಲ್ಲವೆಂದು ಸಾರಿದರು. ಮೇಲಿನ ಕಾಳು ಒಣಗಿದೆ ಎಂದು ನಂಬದೆ ಒಳಗೆ ಕೈ ಹಾಕಿ ನೋಡುವುದು ಕೊಳ್ಳುವವನಿಗೂ ಒಂದು ಮಾದರಿ. ಹಣೆಪಟ್ಟಿ ಹಲಾಲ್ ಎಂದಿರಲಿ, ಹಸಿರು ಎಂದಿರಲಿ, ಕೈ ಒಳಗೆ ಹೋಗಲೇಬೇಕು.

ಯಾರ ಹಣ?

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನ ತಪ್ಪೇನು?

ವಿದ್ಯುತ್ ವಾಹನವನ್ನು ಮೆಚ್ಚಿದ್ದು ತಪ್ಪಲ್ಲ. ಲೆಕ್ಕಪತ್ರ ನೋಡಿ, ನಷ್ಟವನ್ನು ಹೊರಲು ಸಿದ್ಧನಾಗಿ, ತನ್ನ ದುಡಿಮೆಯ ಉಳಿತಾಯವನ್ನು ಹಾಕಿದ್ದರೆ, ಅದು ಅರ್ಧಕ್ಕೆ ಇಳಿದಿದ್ದರೂ ನಾನು ಅವನಿಗೆ ಸಬ್ರ್ ಹೇಳಿ ಕಳುಹಿಸುತ್ತಿದ್ದೆ. ಆದರೆ ಆ ಹಣ ಅವನದಲ್ಲ. ಜೋಪಾನ ಮಾಡು ಎಂದು ತಾಯಿ ಕೊಟ್ಟದ್ದು. ಫಿಕ್ಹ್‌ನಲ್ಲಿ ಇದಕ್ಕೆ ಸ್ಪಷ್ಟ ನಿಯಮವಿದೆ. ಅಮಾನತ್ತಾಗಿ ಇಟ್ಟ ವಸ್ತು ತನ್ನ ಅಜಾಗರೂಕತೆ ಇಲ್ಲದೆ ಕಳೆದುಹೋದರೆ ಇಟ್ಟುಕೊಂಡವನು ಹೊಣೆಗಾರನಲ್ಲ. ಒಡೆಯರ ಅನುಮತಿ ಇಲ್ಲದೆ ಅದನ್ನು ಬಳಸಿದರೆ ಆ ಕ್ಷಣದಿಂದ ಅವನು ಪೂರ್ಣ ಹೊಣೆಗಾರ. ಉದ್ದೇಶ ಒಳ್ಳೆಯದಿತ್ತು, ಲಾಭ ಬಂದರೆ ತಾಯಿಗೇ ಕೊಡುತ್ತಿದ್ದೆ ಎಂಬ ಮಾತು ಈ ನಿಯಮವನ್ನು ಬದಲಿಸುವುದಿಲ್ಲ. ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸಬೇಕೆಂಬುದು ಅನ್ನಿಸಾ ಅಧ್ಯಾಯದ 58ನೇ ಸೂಕ್ತದ ಆಜ್ಞೆ.

"ತಾಯಿಗೆ ಈಗ ಹೇಳುವುದಿಲ್ಲ ಹಜರತ್, ಬೆಲೆ ಮತ್ತೆ ಏರಿದಾಗ ಹೇಳುತ್ತೇನೆ" ಎಂದು ಅವನು ಅಂದಿದ್ದ. ಓದುಗರೇ, ಪಾಲುದಾರ ಜೂಜುಕೋರನಾಗುವುದು ಈ ಕ್ಷಣದಲ್ಲಿಯೇ. ಸತ್ಯ ಹೇಳುವುದನ್ನು ಬೆಲೆಯ ಏರಿಳಿತಕ್ಕೆ ಕಟ್ಟಿಹಾಕಿದ ಮೇಲೆ ಅವನು ಕಾಯುತ್ತಿರುವುದು ಕಂಪೆನಿಯ ಏಳಿಗೆಗಲ್ಲ, ತನ್ನ ಮಾನ ಉಳಿಸುವ ಅದೃಷ್ಟಕ್ಕೆ.

ನಾನು ಅವನಿಗೆ ಎರಡು ಮಾತು ಹೇಳಿದೆ. ಮೊದಲು ತಾಯಿಗೆ ತಿಳಿಸು. ಎರಡು ಲಕ್ಷವನ್ನೂ ನಿನ್ನ ಸಂಬಳದಿಂದ ತುಂಬಿಕೊಡು. ಷೇರು ಇಟ್ಟುಕೊಳ್ಳುವುದೋ ಮಾರುವುದೋ ನಿನ್ನ ಲೆಕ್ಕ, ಲಾಭ-ನಷ್ಟವೂ ನಿನ್ನದೇ. ಆಮೇಲೆ ಈ ವಾಹನಗಳಲ್ಲಿ ನಿನಗೆ ನಿಜವಾಗಿ ನಂಬಿಕೆ ಇದ್ದರೆ ನಿನ್ನ ಊರಿನಲ್ಲಿಯೇ ಪಾಲುದಾರನಾಗು.

ಈ ಕೊನೆಯ ಮಾತನ್ನು ನಿಮಗೂ ಹೇಳಬೇಕೆನಿಸುತ್ತದೆ. ನಾವು ಷೇರುಪೇಟೆಯಿಂದ ದೂರ ನಿಂತರೆ ಸಮುದಾಯ ಇನ್ನೂ ಹಿಂದೆ ಬೀಳುವುದಿಲ್ಲವೇ ಎಂದು ಯುವಕರು ಕೇಳುತ್ತಾರೆ. ಆ ಚಿಂತೆ ನ್ಯಾಯವಾದದ್ದು. ಆದರೆ ಹೂಡಿಕೆ ಎಂದರೆ ಮೊಬೈಲಿನ ಪರದೆ ಮಾತ್ರವೇ? ರೇವಾ ಕೊಂಡ ಮಹೀಂದ್ರ ಸಂಸ್ಥೆ 2018ರಲ್ಲಿ ಬೆಂಗಳೂರಿನಲ್ಲಿ ಟ್ರಿಯೋ ಎಂಬ ವಿದ್ಯುತ್ ಆಟೋವನ್ನು ಬಿಡುಗಡೆ ಮಾಡಿತು. ಈಗ ಹಲವು ಕಂಪೆನಿಗಳು ಸಾಮಾನು ಸಾಗಿಸುವ ವಿದ್ಯುತ್ ಆಟೋ ಮಾಡುತ್ತಿವೆ. ಮೂರು ನಾಲ್ಕು ಕುಟುಂಬಗಳು ಸೇರಿ ಒಂದನ್ನು ಕೊಂಡು, ಹನೂರು-ಯಳಂದೂರು ಕಡೆಯ ಹಳ್ಳಿಗಳಿಂದ ಗೂಡು, ತರಕಾರಿ ಸಾಗಿಸುವ ಕೆಲಸಕ್ಕೆ ದುಡಿಯುವ ಹುಡುಗನ ಕೈಗೆ ಕೊಡಬಹುದು. ಹನೂರಿನಿಂದ ಕೊಳ್ಳೇಗಾಲಕ್ಕೆ ಸುಮಾರು 25 ಕಿ.ಮೀ.; ಈ ವಾಹನಕ್ಕೆ ಹೇಳಿ ಮಾಡಿಸಿದ ದೂರ. ಲಾಭವನ್ನು ಮೊದಲೇ ಒಪ್ಪಿದ ಪಾಲಿನಂತೆ ಹಂಚಿಕೊಳ್ಳಬೇಕು. ನಿಗದಿತ ಮೊತ್ತ ಎಂದು ಕಟ್ಟಿದರೆ ಅದು ಕೆಡುತ್ತದೆ. ನಷ್ಟವಾದರೆ ಹಣ ಹಾಕಿದವರು ಹಣ ಕಳೆದುಕೊಳ್ಳುತ್ತಾರೆ, ದುಡಿದವನು ತನ್ನ ದುಡಿಮೆ ಕಳೆದುಕೊಳ್ಳುತ್ತಾನೆ; ಅವನ ನಿರ್ಲಕ್ಷ್ಯವಿಲ್ಲದಿದ್ದರೆ ಅವನ ಮೇಲೆ ಸಾಲ ಹೊರಿಸುವಂತಿಲ್ಲ. ಇದೇ ಮುದಾರಬ. ಇಲ್ಲಿ ವಾಹನ ಕಣ್ಣ ಮುಂದೆ ಇರುತ್ತದೆ. ಲೆಕ್ಕ ವಾರವಾರವೂ ಸಿಗುತ್ತದೆ. ಒಂದು ಮನೆಯ ಒಲೆ ಉರಿಯುತ್ತದೆ. ಬೆಲೆ ಎರಡು ವಾರದಲ್ಲಿ ಎರಡು ಪಟ್ಟಾಗದು ನಿಜ, ರಾತ್ರಿಯ ನಿದ್ದೆಯಂತೂ ಕೆಡದು.

ಆ ಹುಡುಗ ತಾಯಿಗೆ ಹೇಳಿದ. ಅವರು ಬಹಳ ಹೊತ್ತು ಮಾತನಾಡಲಿಲ್ಲವಂತೆ. ಅಂದಿನಿಂದ ಪ್ರತಿ ತಿಂಗಳು ಸಂಬಳ ಬಂದ ದಿನ ಒಂದಿಷ್ಟನ್ನು ಅವರ ಕೈಗೆ ಕೊಡುತ್ತಿದ್ದಾನೆ. ಹಜ್ ಮುಂದಕ್ಕೆ ಹೋಗಿದೆ. ಮಾವ ತಮ್ಮ ಸೈಟಿನ ಮೇಲಿನ ಝಕಾತ್‌ನ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ನನ್ನ ಬಳಿ ಬಂದಿದ್ದರು, ಆರು ವರ್ಷದ್ದು.

ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂಬ ಪ್ರಶ್ನೆಗೆ ಉತ್ತರಿಸದೆ ಪುನರುತ್ಥಾನದ ದಿನ ಯಾವ ದಾಸನ ಪಾದವೂ ಕದಲುವುದಿಲ್ಲ ಎಂಬರ್ಥದ ಪ್ರವಾದಿ ವಚನ ತಿರ್ಮಿದಿಯಲ್ಲಿದೆ. ಆ ದಿನದ ಉತ್ತರವನ್ನು ಇಂದೇ ಬರೆದಿಟ್ಟುಕೊಳ್ಳಲು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆ ತಾಯಿಯ ಹಜ್ಜನ್ನು ಅವನು ಬೇಗನೆ ಸುಗಮಗೊಳಿಸಲಿ. ಆಮೀನ್.